ಕೆಂಚಿಯ ಕೆಮ್ಮು, ನಮ್ಮನೆಯ ಮದ್ದು

ಕೆಂಚಿ ನಮ್ಮ ಮನೆಗೆ ಬಂದ ನಾಲ್ಕನೇ ರಾತ್ರಿ, ಒಂದೂವರೆ ಗಂಟೆ ಹೊತ್ತಿಗೆ, ಹಜಾರದಲ್ಲಿ ಯಾರೋ ಬಾತುಕೋಳಿಯ ಕತ್ತು ಹಿಸುಕಿದ ಹಾಗೆ ಸದ್ದಾಯಿತು. ಎದ್ದು ಲೈಟ್ ಹಾಕಿದರೆ ಅವಳು ಮುಂಗಾಲು ಅಗಲಿಸಿ, ಕತ್ತು ಚಾಚಿ ನಿಂತು ಕೆಮ್ಮುತ್ತಿದ್ದಳು. ಒಣ ಕೆಮ್ಮು. ಕೊನೆಗೆ ಓಕರಿಸಿದಳು, ನೆಲದ ಮೇಲೆ ಎಂಟಾಣೆ ಅಗಲ ಬಿಳಿ ನೊರೆ ಬಿತ್ತು. ಅತ್ತೆಯೂ ಎದ್ದು ಬಂದರು. ಕೊಪ್ಪದ ಕಡೆಯವರು, ನಾಯಿ ದನಗಳ ನಡುವೆಯೇ ಬೆಳೆದವರು. "ಎಂತದೋ ಮೂಳೆ ಸಿಕ್ಕಿಹಾಕ್ಕೊಂಡಿದೆ ಕಣೇ, ಬಾಯಿ ಬಿಡಿಸಿ ತೆಗಿ ಮಾರಾಯ್ತಿ" ಅಂದರು.

ನಾನೂ ತೆಗೆಯಲು ಹೋದೆ. ಪರಿಚಯವಾಗಿ ನಾಲ್ಕೇ ದಿನವಾದ ನಾಯಿಯ ಗಂಟಲಿಗೆ ನಿದ್ದೆಗಣ್ಣಲ್ಲಿ ಎರಡು ಬೆರಳು! ಅವಳು ಕಚ್ಚಲಿಲ್ಲ, ಹಲ್ಲು ತಾಗಿಸಿ ಬಿಟ್ಟಳು. ಚರ್ಮ ಹರಿದಿದ್ದರೆ ಬೆಳಗ್ಗೆ ನಾನು ಸೂಜಿಗೆ ಸಾಲು ನಿಲ್ಲಬೇಕಿತ್ತು. ಗಂಟಲಲ್ಲಿ ಮೂಳೆಯೂ ಇರಲಿಲ್ಲ, ಮುಳ್ಳೂ ಇರಲಿಲ್ಲ.

ನಾವಿರುವುದು ಚಿಕ್ಕಮಗಳೂರಿನಲ್ಲಿ. ಯಜಮಾನರು ಕಾಫಿ ಕ್ಯೂರಿಂಗ್‌ನಲ್ಲಿ ಕೆಲಸ ಮಾಡುತ್ತಾರೆ, ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಕೆಂಚಿ ನಾಯಿಗಳ ಆಶ್ರಯಕೇಂದ್ರವೊಂದರಿಂದ ಬಂದವಳು. ಬೀದಿಯಲ್ಲಿ ಹುಟ್ಟಿದ ಕೆಂದು ಬಣ್ಣದ ನಾಡನಾಯಿ, ವಯಸ್ಸು ಎರಡರ ಸುಮಾರು, ತೂಕ 14 ಕೆ.ಜಿ. ಸಂತಾನಹರಣ ಆಗಿದೆ ಎಂಬ ಗುರುತಿಗೆ ಒಂದು ಕಿವಿಯ ತುದಿ ಕತ್ತರಿಸಿದ್ದಾರೆ. ರೇಬೀಸ್ ಲಸಿಕೆಯ ಚೀಟಿ ಕೊಟ್ಟರು. ಬೇರೆ ಲಸಿಕೆ ಆಗಿದೆಯೇ ಎಂದು ಕೇಳಿದ್ದಕ್ಕೆ "ಆಗಿರಬೇಕು" ಅಂದರು. ಆ "ಬೇಕು" ನನಗೆ ಅವತ್ತೇ ಚುಚ್ಚಬೇಕಿತ್ತು. ಅವಳು ಬೊಗಳುತ್ತಲೇ ಇರಲಿಲ್ಲ. ಬಂದ ದಿನದಿಂದ ಒಂದೇ ಒಂದು ಸಲವೂ ಇಲ್ಲ. ನಾವು ಅವಳ ಬಾಯಿಂದ ಕೇಳಿದ ಮೊದಲ ಸದ್ದೇ ಆ ಕೆಮ್ಮು.

ಬೆಳಗ್ಗೆ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಫೋನಿನಲ್ಲಿ ಕೆಮ್ಮು ಎಂದದ್ದಕ್ಕೆ ಡಾಕ್ಟರು, "ಒಳಗೆ ತರಬೇಡಿ, ಆಟೋದಲ್ಲೇ ಕೂರಿಸಿ, ನಾನೇ ಬರ್ತೀನಿ" ಅಂದಿದ್ದರು. ಆಗ ವಿಚಿತ್ರ ಅನ್ನಿಸಿತ್ತು. ಅವರು ಬಂದು ಕತ್ತಿನ ಮುಂಭಾಗದಲ್ಲಿ, ಉಸಿರುನಾಳದ ಮೇಲೆ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದ್ದೇ ತಡ, ಅದೇ ಬಾತುಕೋಳಿ ಕೂಗು. ಜ್ವರ ನೋಡಿದರು: 102 ಡಿಗ್ರಿ. ನಮಗಾದರೆ ಜ್ವರ, ನಾಯಿಗೆ ಅದು ಸಹಜ, 101ರಿಂದ 102.5 ಫ್ಯಾರನ್‌ಹೀಟ್‌ವರೆಗೆ ಗಾಬರಿ ಇಲ್ಲವಂತೆ. ಆಮೇಲೆ ಕಣ್ಣಿನಲ್ಲಿ ಪಿಸುರು ಇದೆಯೇ, ಪಾದದ ಮೆತ್ತೆ ಗಟ್ಟಿಯಾಗಿದೆಯೇ, ಎಲ್ಲಾದರೂ ಮೈ ಅದುರುತ್ತಿದೆಯೇ ಎಂದು ತಡಕಾಡಿದರು. ಅದು ಡಿಸ್ಟೆಂಪರ್ ಎಂಬ, ನಾಯಿಗಳ ಜೀವ ತೆಗೆಯಬಲ್ಲ ವೈರಸ್ ರೋಗದ ಹುಡುಕಾಟ. ಲಸಿಕೆಯ ಲೆಕ್ಕವಿಲ್ಲದ ಬೀದಿನಾಯಿ ಕೆಮ್ಮಿದರೆ ಮೊದಲು ಹೆದರಬೇಕಾದ್ದು ಅದಕ್ಕೇ. ಅದರ ಲಕ್ಷಣ ಏನೂ ಕಾಣಲಿಲ್ಲ. "ಕೆನಲ್ ಕಾಫ್" ಅಂದರು. ಯಜಮಾನರು ಕಾಫಿ ಎಂದು ಕೇಳಿಸಿಕೊಂಡು, "ಮನೇಲಿ ಕಾಫಿ ಯಾರೂ ಕೊಟ್ಟಿಲ್ಲ ಸಾರ್" ಅಂದರು.

ಬಾರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾ, ಪ್ಯಾರಾಇನ್‌ಫ್ಲುಯೆಂಜಾದಂಥ ವೈರಸ್‌ಗಳು ಒಂಟಿಯಾಗಿಯೋ ಜೊತೆಗೂಡಿಯೋ ತರುವ ಕೆಮ್ಮು ಇದು. ಹತ್ತಾರು ನಾಯಿಗಳು ಒಟ್ಟಿಗಿರುವ ಕಡೆ ಗಾಳಿಯಿಂದ, ನೀರಿನ ಬಟ್ಟಲಿನಿಂದ ಒಂದರಿಂದ ಒಂದಕ್ಕೆ ದಾಟುತ್ತದೆ. ತಗುಲಿದ ಎರಡು ದಿನದಿಂದ ಎರಡು ವಾರದೊಳಗೆ ಯಾವಾಗ ಬೇಕಾದರೂ ಕಾಣಿಸಿಕೊಳ್ಳಬಹುದು. ಹಾಗಾಗಿ ಬರುವಾಗ ಚೆನ್ನಾಗಿದ್ದವಳು ನಮ್ಮ ಮನೆಯಲ್ಲಿ ಕೆಟ್ಟಳು ಎಂದುಕೊಳ್ಳಬೇಕಿಲ್ಲ, ಹೊತ್ತುಕೊಂಡೇ ಬಂದಿದ್ದಳು. ಬಹುಪಾಲು ಒಂದರಿಂದ ಮೂರು ವಾರದಲ್ಲಿ ತಾನೇ ಇಳಿಯುತ್ತದೆ. ಡಾಕ್ಟರು ಮೊದಲ ದಿನ ಮಾತ್ರೆಯನ್ನೇ ಬರೆಯಲಿಲ್ಲ. ಓಡಿಸಬೇಡಿ, ಬೊಗಳಿಸಬೇಡಿ, ಕತ್ತಿಗೆ ಬೆಲ್ಟ್ ಹಾಕಬೇಡಿ, ಬೇರೆ ನಾಯಿ ಹತ್ತಿರ ಬಿಡಬೇಡಿ ಎಂದು ನಾಲ್ಕು "ಬೇಡ" ಹೇಳಿ ಕಳಿಸಿದರು.

ಮದ್ದು ಕೊಡದೆ ಕಳಿಸಿದ್ದು ನಮ್ಮ ಮನೆಯಲ್ಲಿ ಯಾರಿಗೂ ಸಮಾಧಾನವಾಗಲಿಲ್ಲ. ಮಲೆನಾಡಿನ ಮನೆಯಲ್ಲಿ ಕೆಮ್ಮು ಕೇಳಿಸಿಕೊಂಡು ಸುಮ್ಮನೆ ಕೂರುವುದು ಸಾಧ್ಯವೇ? ಯಜಮಾನರು ತಮ್ಮ ಕೆಮ್ಮಿನ ಸಿರಪ್ ಹಿಡಿದುಕೊಂಡು ಬಂದರು. ಅತ್ತೆ ಈರುಳ್ಳಿ ಜಜ್ಜಿ ರಸ ಹಿಂಡಿ, ಜೇನು ಬೆರೆಸಿ ಒಳಲೆಯಲ್ಲಿ ತಂದರು. ನನ್ನ ಮಗನ ಕೆಮ್ಮೆಲ್ಲ ಹೋಗಿದ್ದು ಅದೇ ಒಳಲೆಯಿಂದ. ನನಗೆ ಏನೋ ಅನುಮಾನ ಬಂದು ಡಾಕ್ಟರಿಗೆ ಫೋನ್ ಮಾಡಿದೆ. ಬೈಸಿಕೊಂಡೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತವಂತೆ. ನಮ್ಮ ಸಿರಪ್‌ಗಳಲ್ಲಿ ಕೆಲವಕ್ಕೆ ಪ್ಯಾರಾಸಿಟಮಾಲ್ ಸೇರಿಸಿರುತ್ತಾರೆ, ಸಕ್ಕರೆ ಇಲ್ಲದ್ದು ಎಂದು ಮಾರುವ ಕೆಲವಕ್ಕೆ ಜೈಲಿಟಾಲ್ ಎಂಬ ಬದಲಿ ಸಿಹಿ. ಎರಡೂ ನಾಯಿಗೆ ವಿಷ. ಜೇನು ಮಾತ್ರ ಕೊಡಬಹುದು, ಅದೂ ವರ್ಷ ತುಂಬದ ಮರಿಗೆ ಬೇಡ ಅಂದರು. ಅತ್ತೆಗೆ ಹೇಗೆ ಹೇಳುವುದೆಂದು ತಿಳಿಯದೆ, "ಈರುಳ್ಳಿ ಬಿಟ್ಟು ಬರೀ ಜೇನು ಕೊಡಬೇಕಂತೆ ಅತ್ತೆ, ನಿಮ್ಮ ಮದ್ದು ಅರ್ಧ ಸರಿಯಂತೆ" ಅಂದೆ. ಆ ಅರ್ಧಕ್ಕೇ ಅವರು ಖುಷಿಯಾಗಿ ತುಡುವೆ ಜೇನಿನ ಬಾಟಲಿ ಇಳಿಸಿದರು. ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ, ದಿನಕ್ಕೆರಡು ಸಲ.

ಹಬೆಯ ಕತೆ ಬೇರೆ. ಬಚ್ಚಲುಮನೆ ಬಾಗಿಲು ಹಾಕಿ ಬಿಸಿನೀರಿನ ಹಬೆಯಲ್ಲಿ ಹತ್ತು ನಿಮಿಷ ಕೂರಿಸಿದರೆ ಗಂಟಲು ಸಡಿಲವಾಗುತ್ತದೆ ಎಂದಿದ್ದರು. ನಮ್ಮದು ಹಂಡೆ ಒಲೆ. ಡಿಸೆಂಬರ್ ಕೊನೆ, ಸೌದೆಗೆ ಮಂಜಿನ ತೇವ ಬೇರೆ. ಅವಳನ್ನು ಒಳಗೆ ಕರೆದುಕೊಂಡು ಬಾಗಿಲು ಮುಚ್ಚಿದ್ದೇ, ಹಬೆಗಿಂತ ಹೊಗೆಯೇ ಹೆಚ್ಚಾಯಿತು. ಅವತ್ತು ಕೆಮ್ಮಿದಷ್ಟು ಅವಳು ಯಾವತ್ತೂ ಕೆಮ್ಮಲಿಲ್ಲ. ಅದರ ಮೇಲೆ ಮುಚ್ಚಿದ ಬಾಗಿಲು ಕಂಡು ಹೆದರಿ ಕೆರೆದಳು. ಆ ಗೀರು ಬಾಗಿಲ ಕೆಳಗೆ ಇನ್ನೂ ಇದೆ. ಹೊಗೆ ಆಗದ ಗಂಟಲನ್ನು ಒಲೆಯ ಮುಂದೆಯೇ ಕೂರಿಸಿದ ಬುದ್ಧಿವಂತಿಕೆ ನನ್ನದು.

ಮಾರನೆಯ ದಿನದಿಂದ ಮಹಡಿಯ ಗೀಸರ್ ಬಚ್ಚಲು. ಬಕೆಟ್ ತುಂಬ ಬಿಸಿನೀರು ಹಿಡಿದು, ಅವಳ ಕಾಲು ತಾಗದಂತೆ ಮೂಲೆಗಿಟ್ಟು, ಅಡ್ಡಕ್ಕೆ ಸ್ಟೂಲ್. ಬಾಗಿಲು ಮುಚ್ಚಿದರೂ ಚಿಲಕ ಹಾಕುತ್ತಿರಲಿಲ್ಲ. ಅವಳನ್ನು ಕರೆಯುವುದೂ ಇಲ್ಲ, ಹಿಡಿಯುವುದೂ ಇಲ್ಲ. ನಾನು ಮೊದಲೇ ಹೋಗಿ ಅವಳಿಗೆ ಬೆನ್ನು ಹಾಕಿ ಮಣೆಯ ಮೇಲೆ ಕೂತು, ಬೇಯಿಸಿದ ಕೋಳಿಯ ಚೂರನ್ನು ಪಕ್ಕದಲ್ಲಿಡುತ್ತಿದ್ದೆ. ಮೊದಲ ದಿನ ಚೂರು ಕಚ್ಚಿಕೊಂಡು ಓಡಿಹೋದಳು. ಮೂರನೆಯ ದಿನ ಒಳಗೇ ತಿಂದಳು. ಐದನೆಯ ದಿನ, ಕನ್ನಡಿಯೆಲ್ಲ ಬೆವೆತಿರುವಾಗ, ನನ್ನ ಪಾದದ ಮೇಲೆ ಏನೋ ಒದ್ದೆಯಾಗಿ ಬೆಚ್ಚಗೆ ಕೂತಿತು. ಅವಳ ಮೂತಿ. ಕಾಲು ಜೋಮು ಹಿಡಿಯಿತು, ಅಲ್ಲಾಡಿಸಲಿಲ್ಲ.

ಬೆಲ್ಟ್ ಬದಲು ಎದೆಗೆ ಹಾಕುವ ಹಾರ್ನೆಸ್ ತಂದೆವು. ಕತ್ತು ಎಳೆದರೆ ಬರುವ ಕೆಮ್ಮು ಅದರಿಂದಲೇ ಅರ್ಧ ಕಡಿಮೆಯಾಯಿತು. ವಾಕಿಂಗ್ ಇಲ್ಲ, ಹಿತ್ತಲಿಗೆ ಹೋಗಿ ಬಂದರೆ ಮುಗಿಯಿತು. ಬ್ಲೌಸ್ ಕೊಡಲು ಬರುವ ಹೆಂಗಸರಿಗೆಲ್ಲ ಹೊಸ ನಾಯಿಯನ್ನು ನೋಡಿ ಮುದ್ದಿಸುವ ಆಸೆ, ನಾನು ಜಗುಲಿಯಲ್ಲೇ ಅಳತೆ ತೆಗೆದು ಕಳಿಸಿದೆ. ಹೊಸ ನಾಯಿಗೆ ಮನೆ ರೂಢಿಸಬೇಕೆಂದರೆ ಜನ ಬರಬೇಕು, ಬೀದಿ ಸುತ್ತಬೇಕು. ಕೆಮ್ಮಿಗೆ ಅದೆಲ್ಲ ಬೇಡ. ಎರಡೂ ಒಟ್ಟಿಗೆ ಬಂದರೆ ಕೆಮ್ಮಿನ ಮಾತೇ ಕೇಳಬೇಕು ಎಂಬುದು ನನ್ನ ಲೆಕ್ಕ.

ಉಸಿರು ಎಣಿಸುವುದನ್ನು ಡಾಕ್ಟರೇ ಹೇಳಿಕೊಟ್ಟಿದ್ದರು. ನಿದ್ದೆಯಲ್ಲಿರುವಾಗ ಪಕ್ಕೆ ಎಷ್ಟು ಸಲ ಏಳುತ್ತದೆ ಎಂದು ಅರ್ಧ ನಿಮಿಷ ನೋಡಿ ಎರಡರಿಂದ ಗುಣಿಸುವುದು. 30ರೊಳಗಿದ್ದರೆ ಸರಿ. ಕೈಗೆ ಸಿಕ್ಕಿದ್ದು ಅಳತೆ ಪುಸ್ತಕ, ಅದರಲ್ಲೇ ಬರೆದೆ. ಈಗಲೂ ಒಂದು ಪುಟದಲ್ಲಿ "ತೋಳು 9, ಸುತ್ತಳತೆ 36" ಎಂಬುದರ ಕೆಳಗೆ "ಕೆಂಚಿ 22, 24, 22" ಎಂದಿದೆ. ಬಂದ ಒಂಬತ್ತನೆಯ ದಿನದ ಸಾಲು: "38. ಊಟ ಬೇಡ." ಮೂಗಿನಿಂದ ಹಳದಿ ಸಿಂಬಳ ಇಳಿಯುತ್ತಿತ್ತು. ಮತ್ತೆ ಆಟೋ. ಜ್ವರ 103.6. ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಸೋಂಕು ಎದೆಗಿಳಿದು ನ್ಯುಮೋನಿಯಾ ಆಗಿಲ್ಲ ಅನ್ನಿಸುತ್ತದೆ, ಎರಡು ದಿನದಲ್ಲಿ ಜ್ವರ ಬಿಡದಿದ್ದರೆ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಹೋಗಿ ಎದೆಯ ಎಕ್ಸ್‌ರೇ ತೆಗೆಸೋಣ ಎಂದು, ತೂಕಕ್ಕೆ ಸರಿಯಾಗಿ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆ ಬರೆದರು, ಹತ್ತು ದಿನಕ್ಕೆ.

ಈ ಮಾತ್ರೆಯಲ್ಲೂ ಎಡವಿದೆವು. ಅತ್ತೆ ಮೊದಲ ಮಾತ್ರೆಯನ್ನು ಹಾಲನ್ನದಲ್ಲಿ ಕಲಸಿ ಕೊಟ್ಟುಬಿಟ್ಟಿದ್ದರು. ಹಾಲು ಮೊಸರಿನ ಕ್ಯಾಲ್ಸಿಯಂ ಅದನ್ನು ಕಟ್ಟಿಹಾಕುತ್ತದೆ, ಮೈಗೆ ಸರಿಯಾಗಿ ಹತ್ತುವುದಿಲ್ಲ. ಹಾಗೆಂದು ಬರೀ ಮಾತ್ರೆ ನುಂಗಿಸಿದರೆ ಅನ್ನನಾಳದಲ್ಲಿ ಅಂಟಿ ಹುಣ್ಣಾಗುವ ಅಪಾಯ. ಕೋಳಿ ಈಲಿಯ ಉಂಡೆಯಲ್ಲಿ ಮಾತ್ರೆ, ಹಿಂದೆಯೇ ಮಾತ್ರೆ ಇಲ್ಲದ ಇನ್ನೊಂದು ಉಂಡೆ, ಮೇಲೆ ನೀರು. ಹೀಗೆ ಹತ್ತೂ ದಿನ ದಾಟಿಸಿದೆ. ಎರಡನೆಯ ಸಂಜೆ ಪುಸ್ತಕದಲ್ಲಿ 28. ಹಾಸನಕ್ಕೆ ಹೋಗಬೇಕಾಗಲಿಲ್ಲ.

ಹೇಳಲು ಇಷ್ಟವಿಲ್ಲದ ಒಂದು ಸಂಗತಿ ಉಳಿದಿದೆ. ಕೆಂಚಿ ಬಂದ ಎರಡನೇ ದಿನ, ಕೆಮ್ಮು ಶುರುವಾಗುವ ಮೊದಲೇ, ಪಕ್ಕದ ಮನೆಯ ಲ್ಯಾಬ್ರಡಾರ್ ಜೊತೆ ಗೇಟಿನ ಸಂದಿಯಲ್ಲಿ ಮೂಗಿಗೆ ಮೂಗು ತಾಗಿಸಿ ಪರಿಚಯ ಮಾಡಿಸಿದ್ದೆ. ಫೋಟೋ ಕೂಡ ತೆಗೆದಿದ್ದೆ. ಅವಳಿಗೆ ಕೆಮ್ಮು ಎಂದು ಗೊತ್ತಾದ ದಿನವೇ ಹೋಗಿ ಹೇಳಬೇಕಿತ್ತು. ನಾಚಿಕೆಯಿಂದ ಹೇಳಲಿಲ್ಲ. ವಾರದ ಮೇಲೆ ಕಾಂಪೌಂಡಿನ ಆಚೆಯಿಂದ ಅದೇ ಕೂಗು ಕೇಳಿದಾಗ ಕತ್ತರಿ ಕೆಳಗಿಟ್ಟು ಹೋದೆ. ಆಂಟಿ ನಾಯಿಯ ಬಾಯಿ ಬಿಡಿಸಿ ಟಾರ್ಚ್ ಹಾಕಿ ಕೂತಿದ್ದರು. "ಮೂಳೆ ಅಲ್ಲ ಆಂಟಿ" ಎಂದು ಶುರುಮಾಡಿದೆ. ಅವರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ, ಉಸಿರು ಎಣಿಸುವುದು ಹೇಗೆ ಎಂದು ಕೇಳಲು ಬಂದರು. ಅವರದು ಲಸಿಕೆಯಾದ ನಾಯಿ, ಹತ್ತು ದಿನದಲ್ಲಿ ಸುಧಾರಿಸಿತು. ನಾಯಿ ತಂದವರು ಮೊದಲ ಎರಡು ವಾರ ಗೇಟಿನ ಬಳಿ ಇಂಥ ಪರಿಚಯ ಮಾಡಿಸದಿರುವುದು ಒಳ್ಳೆಯದು. ಕೆಮ್ಮು ನಿಂತ ಮೇಲೂ ಇನ್ನೆರಡು ವಾರ ನಾನು ಕೆಂಚಿಯನ್ನು ಬೇರೆ ನಾಯಿಯ ಹತ್ತಿರ ಬಿಡಲಿಲ್ಲ. ಬಟ್ಟಲು, ಹಾಸುವ ಗೋಣಿ ಬೇರೆಬೇರೆ. ನೆಲಕ್ಕೆ ಬ್ಲೀಚಿಂಗ್ ನೀರು, ಅದು ಒಣಗಿದ ಮೇಲೆಯೇ ಅವಳಿಗೆ ಪ್ರವೇಶ.

ಪೂರ್ತಿ ಗುಣವಾದ ಮೇಲೆ ಲಸಿಕೆ ಹಾಕಿಸಿದೆವು. ಎಲ್ಲರೂ ಹಾಕಿಸುವ ಸೂಜಿಯಲ್ಲಿ ಡಿಸ್ಟೆಂಪರ್, ಪಾರ್ವೋ ಜೊತೆ ಪ್ಯಾರಾಇನ್‌ಫ್ಲುಯೆಂಜಾ ಇರುತ್ತದೆ, ಬಾರ್ಡೆಟೆಲ್ಲಾ ಇರುವುದಿಲ್ಲ. ಅದಕ್ಕೆ ಪ್ರತ್ಯೇಕ ಲಸಿಕೆಯನ್ನು ಹೇಳಿ ತರಿಸಬೇಕಾಯಿತು.

ಸಂಕ್ರಾಂತಿ ಕಳೆದ ವಾರ, ಬೆಳಗ್ಗೆ ಆರಕ್ಕೆ, ಪೇಪರ್ ಹುಡುಗ ಗೇಟು ತೆಗೆದ. ಹಜಾರದಲ್ಲಿ ಮಲಗಿದ್ದ ಕೆಂಚಿ ಎದ್ದು ಕಿಟಕಿಗೆ ಮುಂಗಾಲು ಕೊಟ್ಟು ಬೊಗಳಿದಳು. ಕೆಮ್ಮಲ್ಲ, ಬೊಗಳು, ಬೀದಿಗೆಲ್ಲ ಕೇಳುವ ಹಾಗೆ. ಅತ್ತೆ ಅಡುಗೆಮನೆಯಿಂದ ಓಡಿಬಂದು, "ಇದಕ್ಕೆ ಇಷ್ಟು ದೊಡ್ಡ ಗಂಟಲು ಇತ್ತಾ ಮಾರಾಯ್ತಿ!" ಅಂದರು. ಪೇಪರ್ ಹುಡುಗ ಅಂದಿನಿಂದ ಗೇಟಿನ ಒಳಗೆ ಬರುತ್ತಿಲ್ಲ. ರಸ್ತೆಯಿಂದಲೇ ಎಸೆಯುತ್ತಾನೆ, ನಾನು ಕನಕಾಂಬರದ ಗಿಡಗಳ ನಡುವೆ ಹುಡುಕುತ್ತೇನೆ.