ಒಂದೇ ಹೇಂಟೆ, ಬೇರೆ ಬೇರೆ ವಯಸ್ಸಿನ ಮರಿ: ಸೇರಿಸುವುದು ಹೇಗೆ?

ಹಿತ್ತಲಲ್ಲಿ ಜವಾರಿ ಹೇಂಟೆಯೊಂದು ಮರಿ ಕಟ್ಟಿಕೊಂಡು ಓಡಾಡುತ್ತಿರುತ್ತದೆ. ಮನೆಯವರು ಸಂತೆಯಿಂದ ಇನ್ನೊಂದಿಷ್ಟು ಮರಿ ತಂದು, ಹಾಡಹಗಲೇ ಅದರ ಮುಂದೆ ಬಿಡುತ್ತಾರೆ. ‘ತಾಯಿ ಅಲ್ವಾ, ನೋಡ್ಕೋತದ’ ಅನ್ನುವ ಧೈರ್ಯ. ಸಂಜೆಯೊಳಗೆ ಹೊಸ ಮರಿಗಳ ನೆತ್ತಿ ಒಡೆದಿರುತ್ತದೆ. ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲೂ ಹಾವೇರಿ ಕಡೆಯ ಹಳ್ಳಿಗಳಲ್ಲೂ ಇದನ್ನೇ ನೋಡಿ ನೋಡಿ ಬೇಸರವಾಗಿದೆ. ಇದರಲ್ಲಿ ಹೇಂಟೆಯ ತಪ್ಪಿಲ್ಲ. ಮೊದಲ ಕೆಲವು ದಿನಗಳಲ್ಲೇ ತನ್ನ ಮರಿ ಯಾವುದು ಅಂತ ಅದು ಗುರುತು ಹಿಡಿದಿರುತ್ತದೆ.

ವಯಸ್ಸಿನ ಗೊಂದಲ ಎಷ್ಟೋ ಸಲ ಕಾವಿನಲ್ಲೇ ಶುರುವಾಗುತ್ತದೆ. ಬೇರೆ ಕೋಳಿಗಳು ಬಂದು ಅದೇ ಗೂಡಲ್ಲಿ ಮೊಟ್ಟೆ ಇಟ್ಟು ಹೋಗುತ್ತವೆ. 21ನೇ ದಿನಕ್ಕೆ ಮೊದಲ ಮರಿಗಳು ಹೊರಬಂದರೆ, ಹೇಂಟೆ ಒಂದೆರಡು ದಿನ ಕಾದು, ಉಳಿದ ಮೊಟ್ಟೆ ಬಿಟ್ಟು ಎದ್ದುಬಿಡುತ್ತದೆ. ಕಾವಿಗಿಟ್ಟ ಮೊಟ್ಟೆಗೆ ಪೆನ್ಸಿಲಿನಿಂದ ಗುರುತು ಹಾಕಿ. ಗುರುತಿಲ್ಲದ್ದನ್ನು ದಿನಾ ಸಂಜೆ ತೆಗೆಯಿರಿ.

ಹೊರಗಿನಿಂದ ಮರಿ ತರುವುದಾದರೆ ಒಂದೆರಡು ದಿನದ ಮರಿಯನ್ನೇ ತನ್ನಿ. ಹೇಂಟೆಯ ಮರಿಗಳೂ ಅಷ್ಟೇ ಎಳೆಯವಿರಬೇಕು. ಇನ್ನೂ ಕಾವಿಗೆ ಕೂತಿರುವ ಹೇಂಟೆಯಾದರೆ, ಕೂತು ಎರಡು ವಾರವಾದರೂ ಆಗಿರಲಿ. ವಾರ ದಾಟಿದ, ಬಲ್ಬಿನ ಕೆಳಗೆ ಬೆಳೆದ ಮರಿಗೆ ಹೇಂಟೆಯ ಕರೆಯೇ ತಿಳಿಯುವುದಿಲ್ಲ, ಓಡಿಹೋಗುತ್ತದೆ. ಅದನ್ನು ರೆಕ್ಕೆಯಡಿ ತಳ್ಳುವ ಹಟ ಬೇಡ. ಗುಲಾಬಿ, ಹಸಿರು ಬಣ್ಣ ಬಳಿದು ಓಣಿಯಲ್ಲಿ ಮಾರುವ ಮರಿಗಳನ್ನಂತೂ ತರಲೇಬೇಡಿ. ಅವುಗಳಲ್ಲಿ ಹ್ಯಾಚರಿಗೆ ಬೇಡವಾದ ಹುಂಜ ಮರಿಗಳೇ ಜಾಸ್ತಿ. ಬಿಸಿಲಲ್ಲಿ ನೀರಿಲ್ಲದೆ ಸೊರಗಿರುತ್ತವೆ. ನಿಮ್ಮ ಹಿತ್ತಲಿಗೆ ರೋಗವನ್ನೂ ತರಬಹುದು.

ಈಗ ಸೇರಿಸುವ ಕೆಲಸ. ಜನ ಕೆಡಿಸುವುದೇ ಇಲ್ಲಿ. ಪೂರ್ತಿ ಕತ್ತಲಾಗಿ, ಹೇಂಟೆ ತೂಕಡಿಸುವ ತನಕ ಕಾಯಿರಿ. ಹಿತ್ತಲಿನ ಲೈಟು ಆರಿಸಿ. ಟಾರ್ಚ್ ಬೇಕೇ ಬೇಕೆಂದರೆ ಬಟ್ಟೆ ಸುತ್ತಿ ಮಂಕು ಮಾಡಿಕೊಳ್ಳಿ. ಮರಿಯನ್ನು ಸ್ವಲ್ಪ ಹೊತ್ತು ಎರಡೂ ಅಂಗೈ ನಡುವೆ ಬೆಚ್ಚಗೆ ಹಿಡಿದಿರಿ. ಮೈ ತಣ್ಣಗಿರುವ ಮರಿ ಕಿರುಚುತ್ತದೆ, ಕಿರುಚಿದರೆ ಹೇಂಟೆಗೆ ಎಚ್ಚರವಾಗುತ್ತದೆ. ಮರಿಯ ಮೇಲೆ ಅಂಗೈ ಕವುಚಿ, ಹೇಂಟೆಯ ಹಿಂಬದಿಯಿಂದ ಕೈ ಒಳಗೆ ಹಾಕಿ. ಕುಕ್ಕಿದರೂ ಏಟು ನಿಮ್ಮ ಕೈಗೆ ಬೀಳಲಿ. ಹೊಟ್ಟೆಯ ಬಿಸಿ ತಾಗುವ ಜಾಗದಲ್ಲಿ ಮರಿಯನ್ನು ಬಿಟ್ಟು, ನಿಧಾನವಾಗಿ ಕೈ ತೆಗೆಯಿರಿ. ವಾಪಸು ಬರುವಾಗ ಒಂದು ಮೊಟ್ಟೆಯನ್ನೋ ಖಾಲಿ ಚಿಪ್ಪನ್ನೋ ತೆಗೆದುಕೊಂಡು ಬನ್ನಿ.

ಮೊದಲು ಎರಡೇ ಮರಿ ಬಿಟ್ಟು ಕಾಲು ಗಂಟೆ ಕಿವಿಗೊಟ್ಟು ಕೂಡಿ. ಹೇಂಟೆ ತಗ್ಗಿದ ದನಿಯಲ್ಲಿ ಕೊಕ್ ಕೊಕ್ ಎನ್ನುತ್ತಾ ರೆಕ್ಕೆ ಸಡಿಲಿಸಿದರೆ ಉಳಿದವನ್ನೂ ಬಿಡಿ. ಪುಕ್ಕ ನಿಗುರಿಸಿ ಗುರುಗುಟ್ಟಿದರೆ ಆ ರಾತ್ರಿಗೆ ಸಾಕು. ಜವಾರಿ ಹೇಂಟೆಗೆ ಎಲ್ಲಾ ಸೇರಿ 10-12 ಮರಿ ಮಿತಿ. ಜಾಸ್ತಿಯಾದರೆ ಅಂಚಿನಲ್ಲಿ ಉಳಿದವು ಧಾರವಾಡದ ಡಿಸೆಂಬರ್ ಚಳಿಗೆ ಸೆಟೆದುಹೋಗುತ್ತವೆ.

ರಾತ್ರಿ ಸೇರಿಸಿ ಬೆಳಿಗ್ಗೆ ಎಂಟಕ್ಕೆ ಏಳುವವರು ಈ ಕೆಲಸಕ್ಕೆ ಕೈ ಹಾಕಬಾರದು. ಬೆಳಕು ಹರಿಯುವ ಮೊದಲೇ ಗೂಡಿನ ಹತ್ತಿರ ಇರಿ. ಹೇಂಟೆ ಹೊಸ ಮರಿಯ ಬೆನ್ನ ಮೇಲೆ ಒಂದು ಸಣ್ಣ ಕುಕ್ಕು ಹಾಕಿ ಸುಮ್ಮನಾದರೆ ಚಿಂತೆಯಿಲ್ಲ, ಅದು ಬುದ್ಧಿ ಹೇಳುವುದು. ಅಟ್ಟಿಸಿಕೊಂಡು ಹೋಗಿ ತಲೆಗೇ ಕುಕ್ಕಿದರೆ ಆ ಮರಿಯನ್ನು ತಕ್ಷಣ ತೆಗೆಯಿರಿ. ಹೇಂಟೆಯ ಮರಿಗಳೆಲ್ಲ ಕಪ್ಪಗಿದ್ದು, ಬಂದದ್ದು ಹಳದಿಯಾಗಿದ್ದರೆ ಈ ಕಾಟ ಜಾಸ್ತಿ.

ಎರಡು ಮೂರು ವಾರದ ದೊಡ್ಡ ಮರಿಗಳಿದ್ದರೆ ಅವಕ್ಕೂ ಸಣ್ಣವಕ್ಕೂ ನಡುವೆ ಅರ್ಧ ಇಂಚಿನ ಜಾಲರಿ ಕಟ್ಟಿ. ಒಂದು ವಾರವಾದರೂ ಬರೀ ನೋಡಿಕೊಳ್ಳಲಿ. ಆಮೇಲೆ ಗೂಡಿನೊಳಗಲ್ಲ, ಬಯಲಲ್ಲಿ ಒಟ್ಟಿಗೆ ಬಿಡಿ. ಆಗಲೂ ದೊಡ್ಡವು ಸಣ್ಣವನ್ನು ಕಾಳಿಗೆ ಬರಗೊಡುವುದಿಲ್ಲ. ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟನ್ನು ಬೋರಲು ಹಾಕಿ, ಸಣ್ಣವು ಮಾತ್ರ ನುಸುಳುವಷ್ಟು ಕಂಡಿ ಕೊಯ್ದು, ಒಳಗೆ ಅವುಗಳ ತಟ್ಟೆ ಇಡಿ. ನನಗೆ ಇದಕ್ಕಿಂತ ಒಳ್ಳೆಯ ಉಪಾಯ ಕಂಡಿಲ್ಲ.

ಎಲ್ಲಕ್ಕೂ, ಹೇಂಟೆಗೂ ಸೇರಿಸಿ, ಎಳೆ ಮರಿಗಳ ಆಹಾರವಾದ ಚಿಕ್ ಸ್ಟಾರ್ಟರ್ ಹಾಕಿ. ಬರೀ ಜೋಳದ ನುಚ್ಚು ಸಾಲದು. ‘ಇದೂ ಅದೇ’ ಅಂತ ಅಂಗಡಿಯವರು ಮೊಟ್ಟೆ ಇಡುವ ಕೋಳಿಗಳ ಲೇಯರ್ ಮ್ಯಾಶ್ ಕೊಟ್ಟರೆ ವಾಪಸು ಕೊಡಿ. ಅದರಲ್ಲಿ ಕ್ಯಾಲ್ಸಿಯಂ 3.5ರಿಂದ 4 ಪರ್ಸೆಂಟ್ ಇರುತ್ತದೆ, ಮರಿಗೆ 1 ಸಾಕು. ಮಿಕ್ಕಿದ್ದು ಮರಿಯ ಕಿಡ್ನಿ ಹಾಳು ಮಾಡುತ್ತದೆ. ನೀರಿಗೆ ಆಳವಿಲ್ಲದ ತಟ್ಟೆ, ಅದರಲ್ಲಿ ನಾಲ್ಕು ಹರಳುಕಲ್ಲು. ನೆಲಕ್ಕೆ ಭತ್ತದ ಹೊಟ್ಟು ಅಥವಾ ಶೇಂಗಾ ಸಿಪ್ಪೆ. ಪೇಪರ್ ಹಾಸಬೇಡಿ, ಕಾಲು ಜಾರಿ ಸೊಟ್ಟಗಾಗುತ್ತವೆ.

ಜುಲೈ ಜಿಟಿಜಿಟಿ ಮಳೆಯಲ್ಲಿ ಹೊಟ್ಟು ಒದ್ದೆಯಾದರೆ ಅವತ್ತೇ ಬದಲಿಸಿ. ದೊಡ್ಡ ಮರಿಗಳು ನೋಡೋಕೆ ಚೆನ್ನಾಗಿದ್ದರೂ ಅವುಗಳ ಹಿಕ್ಕೆಯಿಂದ ಸಣ್ಣವಕ್ಕೆ ರಕ್ತಭೇದಿ ಅಂಟುತ್ತದೆ. ಹಿಕ್ಕೆಯಲ್ಲಿ ರಕ್ತ ಕಂಡರೆ ಕಾಯದೆ ಪಶು ಆಸ್ಪತ್ರೆಗೆ ಹೋಗಿ. ಕೊಕ್ಕರೆ ರೋಗದ (ರಾಣಿಖೇತ್) ಮೊದಲ ಲಸಿಕೆ 5ರಿಂದ 7ನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ. ಎಲ್ಲಕ್ಕೂ ಒಟ್ಟಿಗೆ ಹಾಕೋಣ ಅಂತ ಕೂರಬೇಡಿ. ಪ್ರತಿ ತಂಡದ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ.

ಆರರಿಂದ ಎಂಟು ವಾರದೊಳಗೆ ಹೇಂಟೆ ಮರಿಗಳನ್ನು ದೂರ ಓಡಿಸಿ, ಮತ್ತೆ ಮೊಟ್ಟೆಗೆ ಬರುತ್ತದೆ. ಆಗ ಸಣ್ಣ ತಂಡಕ್ಕೆ ಇನ್ನೂ ಪುಕ್ಕ ತುಂಬಿರದಿದ್ದರೆ, ಅವಕ್ಕೆ ಬೇರೆ ಮೂಲೆ ಮಾಡಿ, ರಾತ್ರಿ ಒಂದು 60 ವ್ಯಾಟ್ ಗುಂಡು ಬಲ್ಬು ಇಳಿಬಿಡಿ. ಎಲ್‌ಇಡಿ ನಡೆಯುವುದಿಲ್ಲ, ಅದರಲ್ಲಿ ಬಿಸಿ ಇಲ್ಲ.