ಬನವಾಸಿಯ ಅಗಳ ಹುಡುಕುತ್ತಾ

ನಾನು ಶಿರಸಿಯಲ್ಲಿ ಜಮೀನು ಅಳೆಯುವ ಕೆಲಸ ಮಾಡುತ್ತೇನೆ. ಹಿಸ್ಸೆ, ಪೋಡಿ, ಗಡಿಕಲ್ಲು, ದಿನಾ ಇದೇ. ಬನವಾಸಿಗೆ ಹೋದಾಗಲೆಲ್ಲ ಮಧುಕೇಶ್ವರನಿಗೆ ಕೈಮುಗಿದು ಬರುತ್ತಿದ್ದೆ, ಅಷ್ಟೆ. ಕದಂಬರ ರಾಜಧಾನಿ ಅಂತ ಶಾಲೆಯಲ್ಲೇ ಓದಿದ್ದೆವಲ್ವಾ? ಆದರೆ ಆ ರಾಜಧಾನಿ ಎಲ್ಲಿಂದ ಎಲ್ಲಿಯವರೆಗೆ ಇತ್ತು ಅಂತ ಮಗಳು ಕೇಳಿದ ದಿನ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಎರಡು ವರ್ಷ ಸುಮಾರು ಭಾನುವಾರಗಳೆಲ್ಲ ಅಲ್ಲೇ ಕಳೆದವು.

ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆಯನ್ನು ಕ್ಯೂಜಿಐಎಸ್ ಎಂಬ ಉಚಿತ ಸಾಫ್ಟ್‌ವೇರಿಗೆ ಹಾಕಿ, ಅದರ ಮೇಲೆ ಉಪಗ್ರಹ ಚಿತ್ರ ಕೂರಿಸಲು ಹೊರಟೆ. ಮೊದಲ ಸಲ ವರದಾ ಹೊಳೆಯ ತಿರುವುಗಳನ್ನೇ ಗುರುತಾಗಿ ಹಿಡಿದುಕೊಂಡೆ. ರಸ್ತೆಗಳೆಲ್ಲ ಗದ್ದೆಗೆ ಇಳಿದುಬಿಟ್ಟವು. ಹೊಳೆ ಮಳೆಗಾಲದಲ್ಲಿ ದಂಡೆ ಕೊರೆಯುತ್ತದೆ, ಜಾಗ ಬದಲಿಸುತ್ತದೆ. ಹೊಳೆ ನಂಬಿ ಅಳತೆಯ ಚೈನು ಹಿಡಿಯಬೇಡ ಅಂತ ನನಗೆ ಕೆಲಸ ಕಲಿಸಿದವರು ಹೇಳುತ್ತಿದ್ದರು. ಆಮೇಲೆ ದೇವಸ್ಥಾನ, ಹಳೇ ರಸ್ತೆ ಕೂಡುವ ಜಾಗಗಳನ್ನು ಹಿಡಿದೆ. ಎರಡೂ ಸರಿಯಾಗಿ ಕೂತವು.

ಕೋಟೆ ಹುಡುಕಲು ಬೇಸಿಗೆಯ ಚಿತ್ರವೇ ಬೇಕು. ಮಳೆ ಮುಗಿದ ಹೊಸತರಲ್ಲಿ ಎಲ್ಲವೂ ಹಸಿರು, ಏನೂ ಗೊತ್ತಾಗುವುದಿಲ್ಲ. ಏಪ್ರಿಲ್ ಹೊತ್ತಿಗೆ ಸುತ್ತಲಿನ ನೆಲ ಒಣಗಿರುತ್ತದೆ, ತಗ್ಗಿನಲ್ಲಿ ಮಾತ್ರ ತೇವ ಉಳಿದು ಹಸಿರು ಪಟ್ಟಿಯಂತೆ ಕಾಣುತ್ತದೆ. ಬನವಾಸಿಯ ಕೋಟೆಗೆ ಸುತ್ತ ಅಗಳ, ಅಂದರೆ ಕಂದಕ, ಇತ್ತು. ಗೋಡೆಯಲ್ಲಿ ಕೆಳಗೆ ಇಟ್ಟಿಗೆ, ಮೇಲೆ ಚಿರೆಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು. ಹಸಿರು ಪಟ್ಟಿ ಕಂಡಲ್ಲೆಲ್ಲ ಗೆರೆ ಎಳೆದು, ಮೊಬೈಲ್ ಹಿಡಿದು ನಡೆದೆ.

ಅಲ್ಲೇ ತಪ್ಪಿದ್ದು. ಒಂದು ತೋಟದ ಅಂಚಿನಲ್ಲಿ ಉದ್ದಕ್ಕೆ ಹೊಂಡ ಸಿಕ್ಕಿತು. ಖುಷಿಯಲ್ಲಿ ಪಾಯಿಂಟ್ ಹಾಕುತ್ತಿದ್ದೆ. ತೋಟದ ಅಜ್ಜ ಬಂದು ನಿಂತರು.

‘ಎಂತ ಅಳೀತಿದ್ದೀ ತಮ್ಮಾ?’

‘ಕೋಟೆ ಅಗಳ ಅಜ್ಜಾ.’

‘ಇದು ದನ ಬರಬಾರದು ಅಂತ ನಮ್ಮಪ್ಪ ತೋಡಿಸಿದ ಅಗಳ ಮಾರಾಯಾ! ಕೋಟೆದು ಅಲ್ಲಿ ಕೆಳಗಿದೆ, ಬಾ.’

ನಮ್ಮ ಕಡೆ ತೋಟದ ಸುತ್ತ ತೋಡುವ ಕಾಲುವೆಗೂ ಅಗಳ ಅಂತಲೇ ಹೆಸರು. ಮೇಲಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಅಜ್ಜ ತೋರಿಸಿದ್ದು ಅದಕ್ಕಿಂತ ಎಷ್ಟೋ ಅಗಲ. ಅದರ ಒಳದಂಡೆಯಲ್ಲಿ ಬೇರಿನ ನಡುವೆ ಚಿರೆಕಲ್ಲಿನ ಸಾಲು ಇತ್ತು. ಒಂದು ಕಲ್ಲಿನ ಪಾಚಿ ಒರೆಸಿದೆ. ಉಳಿ ಬಿದ್ದ ಓರೆ ಗೆರೆಗಳು ಒತ್ತೊತ್ತಾಗಿ ಹಾಗೇ ಉಳಿದಿದ್ದವು. ಬೆರಳಿಟ್ಟು ಸುಮಾರು ಹೊತ್ತು ಕೂತೆ.

ಅವತ್ತಿನಿಂದ ನಕ್ಷೆಯಲ್ಲಿ ಮೂರು ಲೇಯರ್, ಅಂದರೆ ಒಂದರ ಮೇಲೊಂದು ಕೂರುವ ಪದರ, ಮಾಡಿದೆ. ಕಣ್ಣಾರೆ ಕಂಡದ್ದು ಒಂದು, ಜನ ಹೇಳಿದ್ದು ಒಂದು, ಶಾಸನದಲ್ಲಿ ಇರುವುದು ಇನ್ನೊಂದು. ಮೂರಕ್ಕೂ ಬೇರೆ ಬಣ್ಣ. ಇವನ್ನು ಬೆರೆಸಿಬಿಟ್ಟರೆ ನಾಳೆ ನೋಡುವವರಿಗೆ ಯಾವುದು ಕಲ್ಲು, ಯಾವುದು ಮಾತು ಅಂತ ಗೊತ್ತಾಗುವುದಿಲ್ಲ.

ಶಾಸನದ ಲೇಯರ್ ನನಗೆ ಜಾಸ್ತಿ ಇಷ್ಟ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ, ಪುಲಕೇಶಿಯ ಸೈನ್ಯ ಬನವಾಸಿಯನ್ನು ಮುತ್ತಿದ್ದನ್ನು ಹೇಳುತ್ತಾನೆ. ವರದೆಯ ಅಲೆಗಳ ಮೇಲೆ ಆಡುವ ಹಂಸಗಳ ಸಾಲೇ ಈ ಊರಿಗೆ ಒಡ್ಯಾಣವಂತೆ. ಸೈನ್ಯದ ಕಡಲು ಸುತ್ತಲೂ ತುಂಬಿ, ನೆಲದ ಕೋಟೆ ನೀರಿನ ಕೋಟೆಯ ಹಾಗೆ ಕಂಡಿತಂತೆ. ಹೊಳೆಗೆ ನೀಲಿ, ಅಗಳಕ್ಕೆ ಹಸಿರು ಹಾಕಿ ನೋಡಿದೆ. ಒಡ್ಯಾಣ ಎಂಬ ಮಾತು ಸುಮ್ನೆ ಬಂದದ್ದಲ್ಲ ಅನ್ನಿಸಿತು. ಹೊಳೆ ಊರನ್ನು ಬಳಸಿಕೊಂಡೇ ಹರಿಯುತ್ತದೆ.

ರಥದ ದಾರಿಯನ್ನೂ ಹಾಕಿದ್ದೇನೆ. ಮಧುಕೇಶ್ವರನ ದೊಡ್ಡ ರಥ 1608ರಲ್ಲಿ ಸೋದೆಯ ಅರಸರು ಕೊಟ್ಟದ್ದು. ತೇರಿನ ದಿನ ಜಿಪಿಎಸ್ ಚಾಲೂ ಇಟ್ಟು ಅದರ ಜೊತೆಗೇ ನಡೆದೆ. ಎಲ್ಲಿ ನಿಲ್ಲುತ್ತದೆ, ಎಲ್ಲಿ ಗಾಲಿಗೆ ಮರದ ತುಂಡು ಕೊಟ್ಟು ತಿರುಗಿಸುತ್ತಾರೆ, ಎಲ್ಲವೂ ಸಿಕ್ಕಿತು. ಗುಡಿಯಷ್ಟೇ ಈ ದಾರಿಯೂ ಹಳೆಯ ಊರಿನ ಆಸ್ತಿ ಅಂತ ನಾನು ನಂಬುತ್ತೇನೆ.

ಇದನ್ನು ಮಾಡುವವರಿಗೆ ಎರಡು ಮಾತು. ಅಡಿಕೆ ತೋಟದೊಳಗೆ ಮೊಬೈಲಿನ ಜಿಪಿಎಸ್ ಹತ್ತಾರು ಮೀಟರ್ ತಪ್ಪಬಹುದು. ಬಯಲಿಗೆ ಬಂದು ಪಾಯಿಂಟ್ ಹಾಕಿ, ಅಲ್ಲಿಂದ ಟೇಪು ಹಿಡಿಯಿರಿ. ಇನ್ನೊಂದು, ಗದ್ದೆಯಲ್ಲಿ ಬಿದ್ದ ವೀರಗಲ್ಲು, ಬಿಡಿ ಮೂರ್ತಿಗಳ ಜಾಗವನ್ನು ಎಲ್ಲರಿಗೂ ಕಾಣುವ ನಕ್ಷೆಯಲ್ಲಿ ಹಾಕಬೇಡಿ. ಕಳ್ಳರಿಗೆ ನಾವೇ ದಾರಿ ತೋರಿಸಿದಂತೆ ಆಗುತ್ತದೆ. ನನ್ನ ಊರಿನ ನಕ್ಷೆಯಲ್ಲಿ ಅವು ಇಲ್ಲ.

ಕಳೆದ ತಿಂಗಳು ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ಮಾಡಿಸಿ ಅಜ್ಜನ ಮನೆಯ ಜಗಲಿಯಲ್ಲಿ ಹಾಸಿದೆ. ಅಜ್ಜಿ ಕನ್ನಡಕ ಹಾಕಿಕೊಂಡು ಬಂದು, ರಥಬೀದಿ ಹುಡುಕಿ, ಅಲ್ಲಿಂದ ಬೆರಳು ಎಳೆಯುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದರು. ‘ಇಲ್ಲೊಂದು ಬಾವಿ ಇತ್ತಲ್ಲ, ನಾನು ಮದುವೆಯಾಗಿ ಬಂದಾಗ ಇಲ್ಲಿಂದಲೇ ನೀರು. ನೀ ಹಾಕಲೇ ಇಲ್ಲ?’ ಮರುದಿನ ಹೋಗಿ ಪೊದೆ ಸರಿಸಿದೆವು. ಹಗ್ಗ ಉಜ್ಜಿ ಸವೆದ ಅಂಚಿನ ಕಲ್ಲು ಸಿಕ್ಕಿತು. ಜನ ಹೇಳಿದ್ದು ಎಂಬ ಲೇಯರಿನಿಂದ ಬಾವಿಯನ್ನು ಕಣ್ಣಾರೆ ಕಂಡದ್ದಕ್ಕೆ ವರ್ಗಾಯಿಸಿದೆ.