ಮಂಡಿನೋವು ಕಲಿಸಿದ ಎರಡನೆಯ ಸತ್ಯ

ನಾಲ್ಕು ಆರ್ಯಸತ್ಯಗಳನ್ನು ಶಾಲೆಯಲ್ಲಿ ನಾವೆಲ್ಲ ಉರು ಹೊಡೆದವರೇ. ದುಃಖವಿದೆ, ಆಸೆಯೇ ಅದಕ್ಕೆ ಮೂಲ, ಅದಕ್ಕೆ ಕೊನೆಯುಂಟು, ಆ ಕೊನೆಗೆ ಒಯ್ಯುವ ದಾರಿ ಅಷ್ಟಾಂಗ ಮಾರ್ಗ. ಇವುಗಳಲ್ಲಿ ಎರಡನೆಯದು ನನಗೆ ಮನದಟ್ಟಾದದ್ದು ಹತ್ತು ದಿನದ ವಿಪಸ್ಸನ ಧ್ಯಾನ ಶಿಬಿರದಲ್ಲಿ.

ಬರ್ಮಾದಲ್ಲಿ ಧ್ಯಾನಗುರು ಸಯಾಜಿ ಊ ಬಾ ಖಿನ್ ಅವರಲ್ಲಿ ಕಲಿತ ಸತ್ಯನಾರಾಯಣ ಗೋಯೆಂಕಾ 1969ರಲ್ಲಿ ಭಾರತಕ್ಕೆ ತಂದ ಕ್ರಮ ಇದು. ಒಳಗೆ ಹೋಗುವಾಗಲೇ ಫೋನು, ಪುಸ್ತಕ, ಪೆನ್ನು ಒಪ್ಪಿಸಬೇಕು. ಪಂಚಶೀಲ ಸ್ವೀಕರಿಸಿ ಮೌನಕ್ಕಿಳಿಯಬೇಕು. ಬೆಳಗಿನ ಜಾವ ನಾಲ್ಕಕ್ಕೆ ಗಂಟೆ ಬಾರಿಸುತ್ತಾರೆ. ಮೊದಲ ಮೂರು ದಿನ ಮೂಗಿನ ಬಳಿ ಉಸಿರನ್ನು ಗಮನಿಸುವುದು, ಅಷ್ಟೇ. ನಾಲ್ಕನೆಯ ದಿನದಿಂದ ಗಮನವನ್ನು ನೆತ್ತಿಯಿಂದ ಅಂಗಾಲಿನವರೆಗೆ ಸರಿಸುತ್ತ ವೇದನೆಗಳನ್ನು, ಅಂದರೆ ಮೈಯಲ್ಲಿ ಏಳುವ ಹಿತ ಅಹಿತ ಸಂವೇದನೆಗಳನ್ನೆಲ್ಲ, ನೋಡಬೇಕು. ದಿನಕ್ಕೆ ಮೂರು ಸಲ, ಒಂದೊಂದು ಗಂಟೆ, ಕೈಕಾಲು ಕದಲಿಸದೆ, ಕಣ್ಣು ತೆರೆಯದೆ ಕೂರುವ ಅಧಿಷ್ಠಾನವೂ ಆಗಲೇ ಶುರು.

ಅಧಿಷ್ಠಾನದಲ್ಲಿ ಅರ್ಧ ಗಂಟೆ ದಾಟಿದ ಮೇಲೆ ಬಲಮಂಡಿ ಉರಿಯತೊಡಗಿತು. ನೋವು ಅಂತ ಕರೆಯುತ್ತಿದ್ದದ್ದು ಹತ್ತಿರದಿಂದ ನೋಡಿದರೆ ಒಂದೇ ಗಟ್ಟಿಯಾಗಿರಲಿಲ್ಲ. ಚಿಪ್ಪಿನ ಕೆಳಗೆ ಬಿಸಿ, ಪಕ್ಕದಲ್ಲಿ ಬಿಗಿತ, ನಡುವೆ ನಾಡಿಯಂತೆ ಮಿಡಿತ. ಒಂದು ಏರಿದರೆ ಇನ್ನೊಂದು ಇಳಿಯುತ್ತಿತ್ತು. ಇವುಗಳ ಜೊತೆಗೇ, ಆದರೆ ಬೇರೆಯಾಗಿ, ‘ಇದು ಹೋಗಲಿ, ಈಗಲೇ ಹೋಗಲಿ’ ಎಂಬ ಒತ್ತಾಯ. ಹಲ್ಲು ಕಚ್ಚಿಸುತ್ತಿದ್ದದ್ದು, ಉಸಿರು ಹಿಡಿಸುತ್ತಿದ್ದದ್ದು ಆ ಒತ್ತಾಯವೇ. ಅದು ಸಡಿಲವಾದ ಕೆಲವು ಗಳಿಗೆ ಮಂಡಿ ಉರಿಯುತ್ತಲೇ ಇತ್ತು, ನಾನು ಮಾತ್ರ ನರಳುತ್ತಿರಲಿಲ್ಲ.

ಮನೆಗೆ ಬಂದು ಬುದ್ಧನ ಮೊದಲ ಉಪದೇಶವಾದ ಧಮ್ಮಚಕ್ಕಪ್ಪವತ್ತನ ಸುತ್ತವನ್ನು (ಸೂತ್ರವನ್ನು) ನಿಧಾನವಾಗಿ ಓದಿದೆ. ಉರುವೇಲೆಯಲ್ಲಿ ಉಪವಾಸದಿಂದ ಮೈ ಸವೆಸಿದ್ದ ಸಿದ್ಧಾರ್ಥ ಮತ್ತೆ ಊಟ ಮಾಡಿದಾಗ, ಇವನು ದಾರಿ ತಪ್ಪಿದ ಎಂದು ಐವರು ಸಂಗಾತಿಗಳು ಬಿಟ್ಟುಹೋಗಿದ್ದರು. ಬುದ್ಧನಾದ ಮೇಲೆ ಅವನು ಸಾರನಾಥದ ಜಿಂಕೆವನಕ್ಕೆ ಹೋಗಿ ಮೊದಲ ಉಪದೇಶ ಕೊಟ್ಟದ್ದು ಅವರಿಗೇ. ಭೋಗವೂ ಬೇಡ, ದೇಹದಂಡನೆಯೂ ಬೇಡ ಎಂಬಲ್ಲಿಂದಲೇ ಮಾತು ಆರಂಭವಾಗುತ್ತದೆ. ಈ ಸುತ್ತವು ದುಃಖದ ಮೂಲವಾದ ತೃಷ್ಣೆಯನ್ನು ಮೂರು ಬಗೆ ಮಾಡುತ್ತದೆ: ಇಂದ್ರಿಯಸುಖದ್ದು, ಇರಬೇಕು ಎಂಬುದು, ಇಲ್ಲವಾಗಬೇಕು ಎಂಬುದು. ಶಾಲೆಯ ‘ಆಸೆ’ ಮೊದಲನೆಯದನ್ನಷ್ಟೇ ಹಿಡಿದಿತ್ತು. ನನ್ನ ಮಂಡಿಯ ಒತ್ತಾಯವನ್ನು ನಾನು ಮೂರನೆಯದರ ಜಾತಿಗೆ ಸೇರಿಸಿಕೊಂಡಿದ್ದೇನೆ. ಆ ಉಪದೇಶ ಕೇಳಿ ಐವರಲ್ಲಿ ಒಬ್ಬನಾದ ಕೊಂಡಣ್ಣನಿಗೆ ಹೊಳೆದದ್ದು, ಹುಟ್ಟುವ ಗುಣವುಳ್ಳದ್ದೆಲ್ಲ ಅಳಿಯುವ ಗುಣವುಳ್ಳದ್ದು ಎಂದು. ಏರಿಳಿಯುವ ಆ ಬಿಸಿಯನ್ನು ನೋಡಿರದಿದ್ದರೆ ಈ ಸಾಲನ್ನು ನಾನು ಓದಿಕೊಂಡು ಮುಂದೆ ಹೋಗಿರುತ್ತಿದ್ದೆ.

ನಿಜ ಹೇಳಬೇಕೆಂದರೆ ನೋವಿಗಿಂತ ಹೆಚ್ಚು ಕಷ್ಟ ಕೊಡುವುದು ಹಿತವಾದ ಅನುಭವ. ಕೆಲವೊಮ್ಮೆ ಮೈತುಂಬ ನವಿರಾದ ಕಂಪನ ಹರಿಯುತ್ತದೆ, ಮರುದಿನ ಅದೇ ಬೇಕೆಂದು ಮನಸ್ಸು ಕಾದು ಕೂರುತ್ತದೆ. ಬಾರದಿದ್ದರೆ ಬೇಸರ. ಅಲ್ಲಿಯೂ ಅದೇ ತೃಷ್ಣೆ, ವೇಷ ಬೇರೆ. ಈಗ ಬೆಳಿಗ್ಗೆ ಕೂರುವಾಗ ನಾನು ಹೆಚ್ಚು ಎಚ್ಚರ ವಹಿಸುವುದು ಇದಕ್ಕೇ.

ಹೋಗಬೇಕೆನ್ನುವವರಿಗೆ ಒಂದು ಮಾತು: ಮಂಡಿಯ ತೊಂದರೆಯಿದ್ದರೆ, ಮನಸ್ಸಿನ ಕಾಯಿಲೆಗೆ ಔಷಧಿ ನಡೆಯುತ್ತಿದ್ದರೆ ಅರ್ಜಿಯಲ್ಲೇ ಮುಚ್ಚಿಡದೆ ಬರೆಯಿರಿ. ಕೂರಲಾಗದವರಿಗೆ ಕುರ್ಚಿ ಕೊಡುತ್ತಾರೆ, ಅದರಲ್ಲಿ ಸಂಕೋಚ ಬೇಡ. ಶುಲ್ಕವಿಲ್ಲ; ಶಿಬಿರ ಮುಗಿಸಿದವರು ಇಚ್ಛೆಯಿದ್ದರೆ ದಾನ ಕೊಡಬಹುದು, ಮುಂದೆ ಬರುವವರ ಊಟ ವಸತಿ ಅದರಿಂದಲೇ ನಡೆಯುತ್ತದೆ.